ಮೈಮ್ಯಾಲಿಂದೆಲ್ಲಾ ತಗದಿಡ್ರಿ

ಎಕ್ಸ್‌ರೇ ವಿಭಾಗಕ್ಕೆ ಹೊಸದಾಗಿ ಸೇರುವ ಹುಡುಗರು ನನ್ನ ಹತ್ತಿರ ಬಂದರೆ ಕೇಳುವುದು ಎರಡೇ ಪ್ರಶ್ನೆ. ಕಿರಣದಿಂದ ಕೂದಲು ಉದುರುತ್ತದೆಯೇ? ಮಕ್ಕಳಾಗುತ್ತವೆಯೇ? ಬಾಯಲ್ಲಿ ಹೇಳುವ ಕಷ್ಟ ನನಗಿಲ್ಲ. ನನ್ನ ತಲೆ ನೋಡಿ ಅವರು ಗಾಬರಿಯಾಗುತ್ತಾರೆ, ಅಂಗಳದಲ್ಲಿ ಕಚ್ಚಾಡುವ ನನ್ನ ಮೊಮ್ಮಕ್ಕಳನ್ನು ನೋಡಿ ಸಮಾಧಾನಪಟ್ಟುಕೊಳ್ಳುತ್ತಾರೆ. ನಿಜವಾಗಿ ಕೇಳಬೇಕಾದದ್ದನ್ನು ಮಾತ್ರ ಯಾರೂ ಕೇಳುವುದಿಲ್ಲ: ಎದುರಿಗೆ ನಿಂತ ಮನುಷ್ಯ ಮೈಮೇಲಿನದನ್ನು ತೆಗೆಯಲು ಒಪ್ಪದಿದ್ದರೆ ಏನು ಮಾಡಬೇಕು?

ಐವತ್ತೈದಕ್ಕೆ ಸರಕಾರ ನನ್ನನ್ನು ಮುದುಕನೆಂದು ತೀರ್ಮಾನಿಸಿ ಮನೆಗೆ ಕಳಿಸಿತು. ಹೆಂಡತಿ ಆ ತೀರ್ಮಾನವನ್ನು ಒಪ್ಪದೆ ನಡುವಯಸ್ಸಿನವನೆಂದೇ ಹಿಟ್ಟಿನ ಗಿರಣಿಗೆ ಕಳಿಸುತ್ತಾಳೆ. ಹಿಟ್ಟು ಬೀಸುವವರೆಗೆ ಕಾಯುತ್ತ ಕುಳಿತಾಗ ಹಳೆಯದೆಲ್ಲ ನೆನಪಾಗುತ್ತದೆ. ಬಡ್ತಿಗಳ ವಿಷಯ ಬಿಡುತ್ತೇನೆ. ಅವು ತಡವಾಗಿ ಬಂದವು, ಬಂದ ಮೇಲೂ ಕತ್ತಲೆ ಕೋಣೆ ಅದೇ ಇತ್ತು. ತಾಯಿತ, ಉಂಗುರ, ಕರಿದಾರ, ತಾಳಿ ಇವುಗಳ ವಿಷಯ ಹೇಳುತ್ತೇನೆ. ನನ್ನ ಕೆಲಸದ ಅರ್ಧ ಅದೇ ಆಗಿತ್ತು.

ನಾನು ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆ ಸೇರಿದಾಗ ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯದೊಳಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ತರಬೇತಿ ಮುಂಬಯಿಯದು, ಸಂಬಳ ಮೈಸೂರಿನದು, ರೋಗಿಗಳು ನಮ್ಮೂರಿನವರು. ಮುಂಬಯಿಯ ಗುರುಗಳು ಇಡೀ ವಿದ್ಯೆಯನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದರು: ಲೋಹ ತೆಗೆಸು, ಫಿಲ್ಮ್ ಇಡು, ಉಸಿರು ಹಿಡಿಸು, ಸ್ವಿಚ್ ಒತ್ತು. ಲೋಹವಾಗಲಿ ಕಲ್ಲಾಗಲಿ ಮೈಮೇಲೆ ಉಳಿದರೆ ಫಿಲ್ಮಿನ ಮೇಲೆ ಬೆಳ್ಳಗೆ ಮೂಡುತ್ತದೆ, ಅದರ ಹಿಂದಿನ ರೋಗ ಮರೆಯಾಗುತ್ತದೆ. ಸಾಲಿ ಹುಡುಗನಿಗೂ ತಿಳಿಯುವ ಮಾತು. ಆದರೆ ಹುಬ್ಬಳ್ಳಿಯಲ್ಲಿ ಮೊದಲನೆಯ ಹೆಜ್ಜೆಗೇ ಅರ್ಧ ತಾಸು ಹಿಡಿಯುತ್ತಿತ್ತು.

"ಮೈಮ್ಯಾಲಿಂದೆಲ್ಲಾ ತಗದಿಡ್ರಿ" ಎಂದು ನಾನು ಹೇಳುವುದು. ಆಮೇಲೆ ಶುರು. ಕುದುರೆ ಲಾಳದ ಕಬ್ಬಿಣದಿಂದ ಮಾಡಿಸಿದ ಉಂಗುರ. ತೆಗೆದರೆ ಶನಿ ಹೆಗಲೇರುತ್ತಾನೆ. ನೀಲದ ಹರಳು, ಕೂಡಿಬಂದರೆ ಬಂಗಲೆ, ಕೂಡಿಬರದಿದ್ದರೆ ಬೀದಿ, ಇವರಿಗೆ ಹೇಗೋ ಕೂಡಿಬಂದಿದೆ, ಈಗ ಬೆರಳಿನಿಂದ ಜರುಗಿಸಿದರೆ ಅದು ಮನಸ್ಸು ಬದಲಿಸೀತು. ದರ್ಗಾದ ತಾಯಿತ, ಮಠದ ತಾಯಿತ, ಎರಡೂ ಒಂದೇ ದಾರದಲ್ಲಿ. ಲಿಂಗ ಕಟ್ಟಿದವರ ಮಾತು ಬೇರೆ, ಅದು ಶಕುನವಲ್ಲ, ಧರ್ಮ. "ಅಂಗೈಯಾಗ ಹಿಡಕೊಂಡು ನಿಂದರ್ರಿ ಯಜಮಾನ್ರ" ಎಂದರೆ ಸಾಕು, ಪೂಜೆಗೆ ಹಿಡಿದ ಹಾಗೆ ಹಿಡಿದು ಕದಲದೆ ನಿಲ್ಲುತ್ತಿದ್ದರು. ಅಷ್ಟು ಚೆನ್ನಾಗಿ ನಿಲ್ಲುವ ರೋಗಿಗಳನ್ನು ನಾನು ಬೇರೆ ಕಂಡಿಲ್ಲ.

ಹೆಂಗಸರ ಕಡೆ ದುರ್ಗವ್ವ ನೋಡಿಕೊಳ್ಳುತ್ತಿದ್ದಳು. ನಮ್ಮ ವಿಭಾಗದ ಆಯಾ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಅಲ್ಲೇ ತೊಡಕು. ಬಂದ ಹೆಂಗಸರು ಅವಳ ಬರಿಹಣೆ ನೋಡಿದ ಕೂಡಲೇ ಸೆರಗು ಬಿಗಿ ಮಾಡಿಕೊಳ್ಳುತ್ತಿದ್ದರು, ತಾಳಿಯನ್ನು ಅವಳ ಕೈಗೆ ಕೊಡುತ್ತಿರಲಿಲ್ಲ. ಅವಳು ಅದಕ್ಕೊಂದು ಬಿಳಿ ತಟ್ಟೆ ಇಟ್ಟು, "ನೀವಽ ತಗದು ಇದರಾಗ ಇಡ್ರಿ, ನಾ ದೂರ ನಿಂದರತೇನಿ" ಎನ್ನುತ್ತಿದ್ದಳು. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಒಮ್ಮೆ ದೊಡ್ಡ ಮನೆತನದ ಹೆಣ್ಣುಮಗಳೊಬ್ಬಳು ತಟ್ಟೆಯನ್ನೂ ಮುಟ್ಟಬಾರದು ಎಂದಾಗ ದುರ್ಗವ್ವ, "ನನ್ನ ಕೈ ತಾಗಿದ್ರ ಗಂಡ ಸಾಯ್ತಾನಂದ್ರ, ಯಕ್ಕಾ, ಈ ಊರಾಗಿನ ಅರ್ಧ ಗಂಡಸರು ಇಷ್ಟೊತ್ತಿಗೆ ಇರ್ತಿದ್ದಿಲ್ಲ. ಲಗೂ ತಗಿ, ಹೊರಗ ಮಂದಿ ಪಾಳಿ ಹಚ್ಚಿ ನಿಂತೈತಿ" ಎಂದಳು.

ತಾಳಿ ತೆಗೆಯಲು ಒಪ್ಪದವರಿಗೆ ನಾವು ಎರಡು ಉಪಾಯ ಕಂಡುಕೊಂಡಿದ್ದೆವು. ಒಂದು, ಅರಿಶಿಣ ಕೊಂಬು. ತಾಳಿಯನ್ನು ಅಕ್ಕಸಾಲಿಗನ ಬಳಿ ಬೆಸುಗೆಗೆ ಕೊಟ್ಟಾಗ ಹೆಂಗಸರು ದಾರಕ್ಕೆ ಅರಿಶಿಣದ ಕೊಂಬು ಕಟ್ಟಿ ಹಾಕಿಕೊಳ್ಳುವುದುಂಟು. ದುರ್ಗವ್ವ ಮನೆಯಿಂದಲೇ ಕೊಂಬು ಮತ್ತು ಹಳದಿ ದಾರ ತಂದು ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ಸ್ಟೋರಿನ ಅಧಿಕಾರಿಯೊಬ್ಬ ತಪಾಸಣೆಗೆ ಬಂದು, ಎಕ್ಸ್‌ರೇ ಕೋಣೆಯಲ್ಲಿ ಅರಿಶಿಣ ಯಾಕೆ, ಇಲ್ಲಿ ಸಾರು ಮಾಡುತ್ತೀರೇನು ಎಂದು ಕೇಳಿದ್ದ. ಎರಡನೆಯ ಉಪಾಯ, ತಾಳಿಯನ್ನು ಮೇಲೆತ್ತಿ ಹಲ್ಲಿನಲ್ಲಿ ಕಚ್ಚಿ ಹಿಡಿಸುವುದು. ಎದೆಯ ಮೇಲಿನಿಂದ ಅದು ಜರುಗುತ್ತಿತ್ತು. ಕರಿಮಣಿಯ ಸಾಲು ಮಾತ್ರ ಕೊರಳೆಲುಬಿನ ಮೇಲೆ ಹಾದು ಹೋಗುತ್ತಿತ್ತು. ಮಾತಾಡಲೂ ಆಗುತ್ತಿರಲಿಲ್ಲ, ಅದೊಂದು ಲಾಭ.

ಇಷ್ಟೆಲ್ಲ ಬೇರೆಯವರನ್ನು ಆಡಿಕೊಂಡ ಮೇಲೆ ನನ್ನ ವಾಚಿನ ಕಥೆ ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಮದುವೆಯಲ್ಲಿ ಮಾವ ಒಂದು ಕೈಗಡಿಯಾರ ಕೊಟ್ಟರು. ಕತ್ತಲಲ್ಲಿ ಅಂಕಿಗಳು ಹಸಿರಾಗಿ ಹೊಳೆಯುವ ಜಾತಿಯದು. ಅದನ್ನು ಕಟ್ಟಿಕೊಂಡ ವಾರದಿಂದ ನನ್ನ ಫಿಲ್ಮುಗಳೆಲ್ಲ ಮಂಜು ಕವಿದ ಹಾಗೆ ಬರತೊಡಗಿದವು. ಆಗ ಎಲ್ಲವನ್ನೂ ಕತ್ತಲೆ ಕೋಣೆಯಲ್ಲಿ ಕೈಯಿಂದಲೇ ತೊಳೆಯುವುದು, ಬೇಸಿಗೆಯಲ್ಲಿ ರಸಾಯನದ ತೊಟ್ಟಿಯ ಸುತ್ತ ಬರ್ಫ ಇಟ್ಟು ತಂಪು ಮಾಡುವುದು. ರಸಾಯನ ಬದಲಿಸಿದೆ. ಬಾಗಿಲ ಸಂದಿಗೆ ಕರಿ ಬಟ್ಟೆ ಹೊಡೆದೆ. ನೌಕರಿ ಹೋಯಿತೆಂದು ಊಟ ಬಿಟ್ಟೆ. ದುರ್ಗವ್ವ ನೋಡಿ ನೋಡಿ, "ಸಾಹೇಬ್ರ, ಮಾವನ ವಾಚ್ ನಿಮಗ ಆಗಿಬರೂದಿಲ್ಲ. ತಗದಿಡ್ರಿ" ಎಂದಳು. ಓದಿದವನು ನಾನು, ಅವಳ ಮಾತು ಕೇಳಿ ನಕ್ಕೆ. ನಕ್ಕು ಮನೆಗೆ ಹೋಗಿ ವಾಚನ್ನು ಟ್ರಂಕಿನಲ್ಲಿ ಇಟ್ಟು ಬಂದೆ. ಫಿಲ್ಮು ಕನ್ನಡಿಯ ಹಾಗೆ ಬಂದಿತು!

ನನಗೆ ಈಗ ಇನ್ನೊಂದು ಚಿಂತೆ ಹತ್ತಿತು: ವಾಚು ಅಪಶಕುನವಾದರೆ ಅದನ್ನು ಕೊಟ್ಟ ಮಾವ? ಮಾವ ಅಪಶಕುನವಾದರೆ ಅವರ ಮಗಳು? ಕೊನೆಗೆ ದೇಸಾಯಿ ಡಾಕ್ಟರಿಗೆ ಹೇಳಿಕೊಂಡೆ. ನಮ್ಮ ವಿಭಾಗದ ಮುಖ್ಯಸ್ಥರು ಅವರು, ದಿನಾ ಧಾರವಾಡದಿಂದ ರೈಲಿನಲ್ಲಿ ಬರುತ್ತಿದ್ದರು. ಅವರು ತಲೆ ಚಚ್ಚಿಕೊಂಡರು. "ಏ ಹುಚ್ಚಾ, ಆ ಅಂಕಿ ಹೊಳೀತಾವಲ್ಲ, ಅದರಾಗ ರೇಡಿಯಂ ಇರ್ತದ. ಕತ್ತಲಿ ಕೋಣ್ಯಾಗ ಫಿಲ್ಮಿನ ಮ್ಯಾಲೆ ಕೈ ಆಡಿಸಿದ್ರ ಅದು ಫಿಲ್ಮ್ ಹಾಳು ಮಾಡ್ಲಿಕ್ಕೇ ಬೇಕು!" ಇಷ್ಟು ವರ್ಷಗಳ ಸೇವೆಯಲ್ಲಿ ನಾನು ಕಂಡ ನಿಜವಾದ ಅಪಶಕುನದ ವಸ್ತು ಅದೊಂದೇ. ಅದನ್ನು ಗುರುತಿಸಿದವಳು ದುರ್ಗವ್ವ, ಕಾರಣ ತಪ್ಪಾಗಿದ್ದರೂ. ಹೆಂಡತಿ ಮಾತ್ರ ರೇಡಿಯಂ ಸಂಗತಿಯನ್ನು ಇವತ್ತಿಗೂ ನಂಬಿಲ್ಲ. "ನಮ್ಮಪ್ಪ ಕೊಟ್ಟಿದ್ದು ಅಂತ ಕುಂಟು ನೆಪ" ಎನ್ನುತ್ತಾಳೆ.

ದೇಸಾಯಿ ಡಾಕ್ಟರು ತಾಯಿತ ಕಂಡರೆ ಉರಿದು ಬೀಳುವ ಪೈಕಿ. ಆದರೆ ಅವರ ಕನ್ನಡಕದ ಒಂದು ಕಾಲು ಮುರಿದು, ದಾರದಿಂದ ಬಿಗಿದಿತ್ತು. ಪುಣೆಯಿಂದ ಹೊಸದು ಮಾಡಿಸಿಕೊಂಡು ಬಂದರು. ಹಾಕಿಕೊಂಡ ಮೊದಲ ದಿನವೇ ಒಂದು ಪಕ್ಕೆಲುಬಿನ ಬಿರುಕು ಅವರ ಕಣ್ಣು ತಪ್ಪಿತು. ಅಂದಿನಿಂದ ಹೊಸದು ಕೋಟಿನ ಜೇಬಿನಲ್ಲಿ, ಹಳೆಯದು ಮೂಗಿನ ಮೇಲೆ. "ಇದೂ ಒಂಥರಾ ತಾಯಿತಽ ಅಲ್ರಿ, ಸರ್?" ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದೆ. "ಇದು ರೂಢಿ. ತಾಯಿತ ಅಂದ್ರ ಮೂಢನಂಬಿಕಿ. ನಿನಗ ಫರಕು ತಿಳೀಲಿಕ್ಕೆ ಇನ್ನೂ ಹತ್ತು ವರ್ಷ ಬೇಕು" ಎಂದರು. ಹತ್ತು ವರ್ಷವೂ ಆಯಿತು, ಮೂವತ್ತೂ ಆಯಿತು.

ಅವರನ್ನು ಸೋಲಿಸಿದವರು ಒಬ್ಬರೇ, ಹತ್ತಿ ವ್ಯಾಪಾರದ ಗುರುಸಿದ್ದಪ್ಪ ಶೆಟ್ಟರು. ಸೊಂಟದ ನೋವೆಂದು ಬಂದಿದ್ದರು. ಎಲ್ಲಾ ತೆಗೆದಿರೇನು ಎಂದು ಕೇಳಿದೆ, ತೆಗೆದೆ ಎಂದರು. ಫಿಲ್ಮಿನಲ್ಲಿ ಬಲಗಡೆ ಮೂತ್ರಪಿಂಡದ ಜಾಗದಲ್ಲಿ ಕಡಲೆಗಾತ್ರದ ಕಲ್ಲು ಕಂಡಿತು. ಶಸ್ತ್ರಕ್ರಿಯೆಯ ಮಾತು ಬಂದು ಇನ್ನೊಂದು ಫಿಲ್ಮ್ ತೆಗೆದೆವು. ಈ ಸಲ ಕಲ್ಲು ಎಡಗಡೆ. ಎಡ ಬಲದ ಗುರುತು ನಾನೇ ತಪ್ಪಿಟ್ಟೆನೇನೋ ಎಂದು ಎರಡೂ ಫಿಲ್ಮುಗಳ ಅಂಚನ್ನು ಮತ್ತೆ ಮತ್ತೆ ನೋಡಿದೆ. ಡಾಕ್ಟರು ಎರಡನ್ನೂ ಬೆಳಕಿಗೆ ಹಿಡಿದು, "ಏನೋ ಇದು? ಕಲ್ಲು ಸಂತಿಗೆ ಹೋಗಿ ಬರ್ಲಿಕ್ಕತ್ತದೇನು?" ಎಂದು ಶೆಟ್ಟರನ್ನೇ ಕರೆಸಿ ಧೋತರ ಸಡಿಲಿಸಲು ಹೇಳಿದರು. ಉಡಿದಾರಕ್ಕೆ ಬಟ್ಟೆಯ ಸಣ್ಣ ಗಂಟು.

"ಏನ್ರಿ ಇದು?"

"ಹವಳ್ರಿ. ನನಗ ಮಂಗಳ ಸರಿ ಇಲ್ಲ."

"ಎಲ್ಲಾ ತಗದೇನಿ ಅಂದ್ರಲ್ಲಾ?"

"ಎಲ್ಲಾ ಅಂದ್ರ ಅಂಗಿ, ಉಂಗರ ಅಂತ ತಿಳಕೊಂಡ್ನಿರಿ. ಇದು ಸಣ್ಣಾಂವ ಇದ್ದಾಗಿಂದ ಐತಿ, ನನ್ನ ಮೈಯಾಗಿಂದಽ ಆಗೇತಲ್ರಿ."

ಉಡಿದಾರ ತಿರುಗಿದ ಕಡೆ ಕಲ್ಲು ತಿರುಗಿತ್ತು. ಹವಳ ತೆಗೆಸಿ ನೋಡಿದರೆ ಏನೂ ಇಲ್ಲ. ಅಷ್ಟರಲ್ಲಿ ನೋವೂ ಇಳಿದಿತ್ತು. ಡಾಕ್ಟರು ಇನ್ನೇನು ಭಾಷಣ ಶುರು ಮಾಡಬೇಕು, ಶೆಟ್ಟರು ಕೈಮುಗಿದು, "ಹೊಟ್ಯಾಗಿನ ಕಲ್ಲ ಹವಳ ತನ್ನ ಮ್ಯಾಲೆ ತಗೊಂಡೈತಿ ನೋಡ್ರಿ. ಫೋಟೋದಾಗ ನೀವಽ ಕಂಡೀರಿ" ಎಂದುಬಿಟ್ಟರು. ಮುಂದಿನ ವಾರ ಅವರ ಓಣಿಯಿಂದ ಬಂದ ರೋಗಿಗಳ ಸೊಂಟದಲ್ಲೆಲ್ಲ ಹೊಸ ಹವಳ. ಅಂದಿನಿಂದ "ಎಲ್ಲಾ" ಎಂದು ಹೇಳುವುದನ್ನು ಬಿಟ್ಟು, ತಲೆಯಿಂದ ಕಾಲಿನವರೆಗೆ ಒಂದೊಂದರ ಹೆಸರು ಹಿಡಿದು ಕೇಳತೊಡಗಿದೆ. ನೀವೂ ಹಾಗೆಯೇ ಕೇಳಿ.

ಇನ್ನು ನೀಲವ್ವನ ವಿಷಯ. ಇಷ್ಟು ಹೊತ್ತು ಸುತ್ತಾಡಿದ್ದು ಇಲ್ಲಿಗೆ ಬರಲು ಹೆದರಿ.

ನೀಲವ್ವ ಹತ್ತಿರದ ಸುಳ್ಳ ಎಂಬ ಹಳ್ಳಿಯ ರೈತರ ಮನೆಯ ಮಗಳು, ಹುಬ್ಬಳ್ಳಿಗೆ ಕೊಟ್ಟಿದ್ದರು. ಗಂಡ ಫಕೀರಪ್ಪ ಲಾರಿ ಚಾಲಕ. ಹತ್ತಿ ಅರಳೆ ತುಂಬಿಕೊಂಡು ಕಾರವಾರದ ಬಂದರಕ್ಕೆ ಹೋಗುವುದು, ಬರುವಾಗ ಉಪ್ಪೋ ಹೆಂಚೋ ತರುವುದು. ದಾರಿಯಲ್ಲಿ ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟ. ಆ ಕಾಲದಲ್ಲಿ ಅಲ್ಲಿ ಒಂದು ತಿರುವಿನಲ್ಲಿ ನಿಂತರೆ ಕೆಳಗಿನ ತಿರುವಿನಲ್ಲಿ ಹೋಗುವ ಲಾರಿಯ ನೆತ್ತಿ ಕಾಣುತ್ತಿತ್ತು. ಎದುರಿಗೆ ಇನ್ನೊಂದು ಗಾಡಿ ಬಂದರೆ ಯಾರಾದರೊಬ್ಬರು ಹಿಂದೆ ಸರಿಯಬೇಕು.

ಆಕೆಗೆ ತಿಂಗಳುಗಟ್ಟಲೆ ಕೆಮ್ಮು, ಸಂಜೆಯಾದರೆ ಜ್ವರ. ಎದೆಯ ಫೋಟೋ ತೆಗೆಯಲು ಚೀಟಿ ಬರೆದು ಕಳಿಸಿದ್ದರು. ತಾಳಿ ತೆಗೆಯುವುದಿಲ್ಲ ಎಂದಳು, ಹಲ್ಲಿನಲ್ಲಿ ಕಚ್ಚಿಸಿ ಫಿಲ್ಮ್ ತೆಗೆದೆ. ಡಾಕ್ಟರು ಬಹಳ ಹೊತ್ತು ನೋಡಿ, "ಈ ಮಣಿ ಸಾಲಿನ ಹಿಂದ ಏನೋ ಅದ ಅಂತ ಅನಸ್ತದ. ಕ್ಷಯ ಶುರು ಆಗೋ ಜಾಗಾನಽ ಅದು. ಆದ್ರ ಮಣಿ ಯಾವುದು, ಕಲೆ ಯಾವುದು ಹ್ಯಾಂಗ ಹೇಳ್ಲಿ? ಕೊರಳು ಖಾಲಿ ಮಾಡ್ಸಿ ಇನ್ನೊಂದು ತಗಿ. ತಡಾ ಮಾಡಬ್ಯಾಡ" ಎಂದರು.

ನಾನು ಹೋಗಿ ಹೇಳಿದೆ. ನೀಲವ್ವ ಗೋಡೆಯ ಮೇಲಿನ ಗಡಿಯಾರ ನೋಡಿದಳು.

"ಅವ್ರು ಈಗ ಘಟ್ಟ ಇಳ್ಯಾಕತ್ತಾರ್ರಿ. ಈಗ ತಗೀ ಅಂತೀರೇನು?"

ಇದಕ್ಕೆ ಮುಂಬಯಿಯ ಗುರುಗಳು ಉತ್ತರ ಕಲಿಸಿರಲಿಲ್ಲ. ದುರ್ಗವ್ವ ಡಬ್ಬಿ ತೆರೆದು ಅರಿಶಿಣ ಕೊಂಬು ತೋರಿಸಿದಳು. ನೀಲವ್ವ ಎರಡು ಹೆಜ್ಜೆ ಹಿಂದೆ ಸರಿದಳು.

"ನಮ್ಮಕ್ಕ ತಾಳಿ ಬೆಸಗಿಗೆ ಕೊಟ್ಟು ಅದನ್ನ ಕಟಗೊಂಡಿದ್ಲು. ಆ ವಾರನಽ ಆಕಿ ಗಂಡ, ನಮ್ಮ ಮಾಮಾ, ಹೋದ. ಬ್ಯಾಡ ಯವ್ವಾ, ಅದನ್ನ ನನ್ನ ಕೊರಳ ಹಂತ್ಯಾಕ ತರಬ್ಯಾಡ."

"ಹಂಗಾರ ಗಂಡನ್ನ ಕರಕೊಂಡು ಬಾ" ಎಂದಳು ದುರ್ಗವ್ವ. "ಅಂವ ಕಣ್ಣ ಮುಂದ ಕುಂತಿರ್ಲಿ, ನೀ ತಗಿ. ಕಣ್ಣ ಮುಂದ ಇದ್ದಾಂವಗ ಏನಾಕ್ಕೈತಿ?"

ನೀಲವ್ವ ಯೋಚಿಸಿದಳು. "ಸೋಮವಾರ ಮಾರ್ಕೆಟಿನ್ಯಾಗ ಮಾಲು ತುಂಬ್ತಾರ. ಅವತ್ತ ಬರ್ತೇವಿ."

ಬರುತ್ತೇವೆ ಎಂದು ಹೋದವರಲ್ಲಿ ಬಾರದವರನ್ನು ನಾನು ಸಾಕಷ್ಟು ಕಂಡಿದ್ದೆ. ಕೆಲವರು ವರ್ಷದ ಮೇಲೆ ಬರುತ್ತಿದ್ದರು, ಆಗ ಫಿಲ್ಮಿನ ಅಗತ್ಯವೇ ಇರುತ್ತಿರಲಿಲ್ಲ, ದೂರದಿಂದಲೇ ತಿಳಿಯುತ್ತಿತ್ತು. ಸೋಮವಾರ ಬಂತು, ನೀಲವ್ವ ಬರಲಿಲ್ಲ. ಬಾಗಿಲ ಕಡೆ ನೋಡಿ ನೋಡಿ ಎರಡು ಫಿಲ್ಮು ಕೆಡಿಸಿದೆ. ದುರ್ಗವ್ವ, "ಸಾಹೇಬ್ರ, ನೀವು ಇಲ್ಲಿದ್ದು ಮಾಡೂ ಹಾನಿಕಿಂತ ಹೋಗಿ ಹುಡುಕೂದಽ ಛಲೋ" ಎಂದು ಛತ್ರಿ ಕೈಗೆ ಕೊಟ್ಟಳು. ಊಟದ ಬಿಡುವಿನಲ್ಲಿ ಸೈಕಲ್ ತುಳಿಯುತ್ತ ಹತ್ತಿ ಮಾರ್ಕೆಟ್ಟಿಗೆ ಹೋದೆ.

ಫಕೀರಪ್ಪ ಲಾರಿಯ ಕೆಳಗೆ ಮಲಗಿ ಏನನ್ನೋ ಬಿಗಿಯುತ್ತಿದ್ದ. ಮುಂದೆ ಲಿಂಬೆ ಮೆಣಸಿನಕಾಯಿ, ಹಿಂದೆ ಹಳೆಯ ಚಪ್ಪಲಿ, ಅವನ ಕೊರಳಲ್ಲಿ ಬಣ್ಣ ಗುರುತು ಸಿಗದಷ್ಟು ಜಿಡ್ಡು ಹಿಡಿದ ಒಂದು ಕರವಸ್ತ್ರ. ಮಾತಿಗೆ ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಅದನ್ನೇ ನೋಡುತ್ತಿದ್ದೆ. "ತೊಳ್ಯಾಂಗಿಲ್ರಿ ಇದನ್ನ" ಎಂದು ಅವನೇ ಹೇಳಿದ. "ಒಮ್ಮೆ ತೊಳದಿದ್ಲು ನಮ್ಮಾಕಿ, ಅವತ್ತ ಎರಡು ಗಾಲಿ ಪಂಕ್ಚರ್."

ನಾನು ನೀಲವ್ವನ ಕೆಮ್ಮಿನ ವಿಷಯ ಎತ್ತಿದೆ.

"ಕೆಮ್ಮು? ಆಕಿಗ್ಯಾ? ನನ್ನ ಮುಂದ ಒಮ್ಮೆನೂ ಕೆಮ್ಮಿಲ್ಲಲ್ರಿ!"

ಅವನ ಜೊತೆಗೆ ಅರಳೆ ತುಂಬುತ್ತಿದ್ದ ಹಮಾಲನೊಬ್ಬ ಅವರ ನೆರೆಮನೆಯವನು. ಅವನು ಮೂಟೆ ಇಳಿಸಿ, "ಏ ಫಕೀರ, ನೀ ಮನ್ಯಾಗ ಇದ್ದಾಗ ಹಿತ್ತಲಕ್ಕ ಬಂದು ಬಾಯಿಗೆ ಸೆರಗು ಹಿಡಕೊಂಡು ಕೆಮ್ತಾಳೋ. ಗಾಡಿ ಹೊಡ್ಯಾಂವನ ತಲಿಗೆ ಚಿಂತಿ ಹಚ್ಚಬಾರದು ಅಂತಾಳ ನಮ್ಮಾಕಿ ಮುಂದ" ಎಂದ.

ಫಕೀರಪ್ಪ ಕೈ ಒರೆಸಿಕೊಂಡ. ಆ ಕರವಸ್ತ್ರದಿಂದಲೇ ಒರೆಸಿಕೊಂಡ, ಅದು ಅವನಿಗೆ ಗೊತ್ತಾದಂತೆ ಕಾಣಲಿಲ್ಲ. "ಸಾಹೇಬ್ರ, ಸೈಕಲ್ ಲಾರ್‍ಯಾಗ ಹಾಕ್ರಿ" ಎಂದ. ಅರ್ಧ ತುಂಬಿದ ಲಾರಿಯಲ್ಲೇ ಮನೆಗೆ ಹೋಗಿ ಹೆಂಡತಿಯನ್ನು ಹತ್ತಿಸಿಕೊಂಡು ಆಸ್ಪತ್ರೆಯ ಅಂಗಳಕ್ಕೆ ಬಂದು ನಿಂತ. ದಾರಿಯುದ್ದಕ್ಕೂ ನಾನು ಅವರಿಬ್ಬರ ನಡುವೆ ಕುಳಿತಿದ್ದೆ.

ಕೋಣೆಯಲ್ಲಿ ನೀಲವ್ವ ಗೋಡೆಗೆ ಮುಖ ಮಾಡಿ ತಾಳಿ ತೆಗೆದಳು. ದುರ್ಗವ್ವ ತಟ್ಟೆ ಮುಂದೆ ಹಿಡಿದರೆ ನೋಡಲೂ ಇಲ್ಲ, ನೇರ ಗಂಡನ ಬಳಿಗೆ ಹೋಗಿ ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

"ಬಿಡಬ್ಯಾಡ್ರಿ. ಎಲ್ಲೂ ಹೋಗಬ್ಯಾಡ್ರಿ."

"ಎಲ್ಲಿ ಹೋಗ್ಲೇ? ಇಲ್ಲೇ ಇದ್ದೇನಲ್ಲ."

ಅವನನ್ನು ನನ್ನ ಜೊತೆ ಸೀಸದ ಮರೆಯ ಹಿಂದೆ ನಿಲ್ಲಿಸಿಕೊಂಡೆ. "ಉಸಿರು ಎಳಕೋ, ಹಿಡಿ" ಎಂದು ಕೂಗಿದೆ. ನೀಲವ್ವ ಹಿಡಿದಳು. ನನ್ನ ಪಕ್ಕದಲ್ಲಿ ಫಕೀರಪ್ಪನೂ ಹಿಡಿದ. ಬಿಡು ಎಂದ ಮೇಲೂ ಬಿಡಲಿಲ್ಲ, ಮುಖ ಕೆಂಪಾಗುತ್ತಿತ್ತು. ಭುಜ ತಟ್ಟಿ ಹೇಳಬೇಕಾಯಿತು.

ಫಿಲ್ಮ್ ಒಣಗುವವರೆಗೂ ತಡೆಯದೆ ಒದ್ದೆಯಾಗಿಯೇ ಡಾಕ್ಟರ ಬಳಿಗೆ ಒಯ್ದೆ. ಮಣಿ ಸಾಲು ಇದ್ದ ಜಾಗದಲ್ಲಿ, ಬಲಗಡೆ ಕೊರಳೆಲುಬಿನ ಹಿಂದೆ, ಉಗುರಿನಷ್ಟು ಕಲೆ. "ಅದ" ಎಂದರು ಅವರು. "ಸಣ್ಣದದ. ಈಗ ಸಿಕ್ಕಿದ್ದು ಛಲೋ ಆತು. ಇನ್ನಾರು ತಿಂಗಳು ಬಿಟ್ಟಿದ್ರ ನಾ ಬ್ಯಾರೆ ಮಾತು ಹೇಳ್ಬೇಕಾಗ್ತಿತ್ತು."

ವರ್ಷಕ್ಕೂ ಹೆಚ್ಚು ಕಾಲ ಚುಚ್ಚುಮದ್ದು, ಮುಷ್ಟಿಗಟ್ಟಲೆ ಗುಳಿಗೆ. ನೀಲವ್ವ ಒಂದು ದಿನವೂ ತಪ್ಪಿಸಲಿಲ್ಲವೆಂದು ನರ್ಸುಗಳು ಹೇಳುತ್ತಿದ್ದರು. ವರಾಂಡದಲ್ಲಿ ಎದುರಾದಾಗೆಲ್ಲ ಸ್ವಲ್ಪ ತುಂಬಿಕೊಂಡಂತೆ ಕಾಣುತ್ತಿದ್ದಳು. ಮದ್ದು ಮುಗಿದ ಮೇಲೆ ಇನ್ನೊಂದು ಫಿಲ್ಮ್ ತೆಗೆದು ಕಲೆ ಹೋಗಿದೆಯೋ ಇಲ್ಲವೋ ನೋಡಬೇಕಿತ್ತು. ಇದ್ದರೆ ಎಲ್ಲವೂ ಮೊದಲಿನಿಂದ, ಇಲ್ಲವೇ ಮಿರಜಿನ ದೊಡ್ಡ ಆಸ್ಪತ್ರೆಗೆ ಹೋಗಿ ಪಕ್ಕೆಲುಬು ತೆಗೆಸುವ ಶಸ್ತ್ರಕ್ರಿಯೆ. ಆ ದಿನವನ್ನು ಆಕೆಗಿಂತ ಹೆಚ್ಚು ನಾನು ಹೆದರಿ ಕಾಯುತ್ತಿದ್ದೆ.

ಅದಕ್ಕೂ ಕೆಲವು ತಿಂಗಳು ಮೊದಲು ಫಕೀರಪ್ಪನನ್ನೇ ನನ್ನ ಮೇಜಿನ ಮೇಲೆ ಮಲಗಿಸಿದರು. ಘಟ್ಟದ ತಿರುವಿನಲ್ಲಿ ಲಾರಿ ಹೊರಳಿತ್ತು. ಮುಂಗೈಯ ಎರಡೂ ಎಲುಬು ಮುರಿದಿದ್ದವು, ಉಳಿದದ್ದು ತರಚುಗಾಯ. ನೀಲವ್ವ ಅವನ ಕಾಲ ಬಳಿ ನಿಂತಿದ್ದಳು. ಅಳುತ್ತಿರಲಿಲ್ಲ. ತಾಳಿಯನ್ನು ಸೆರಗಿನಿಂದ ಹೊರಗೆ ತೆಗೆದು ನನಗೆ ತೋರಿಸಿದಳು, ಕೆಟ್ಟ ಯಂತ್ರದ ಭಾಗವನ್ನು ರಿಪೇರಿಯವನಿಗೆ ತೋರಿಸಿದ ಹಾಗೆ.

"ಇದು ಕೊರಳಾಗಽ ಇತ್ತಲ್ರಿ?"

"ಹೌದವ್ವ, ಇತ್ತು" ಎಂದೆ.

"ತಗದಿದ್ದಿಲ್ಲ ನಾನು. ಸ್ನಾನಕ್ಕೂ ತಗದಿದ್ದಿಲ್ಲ."

"ಅದಕ್ಕಽ ಕೈಯಷ್ಟಽ ಹೋತು, ಜೀವಾ ಉಳೀತು" ಎಂದ ಹೊರಗಿನಿಂದ ಒಬ್ಬ ವಾರ್ಡಿನ ಆಳು. ಹಾಗೆ ಹೇಳುವವರು ಎಲ್ಲ ಕಾಲಕ್ಕೂ ಒಬ್ಬರು ಇರುತ್ತಾರೆ. ನೀಲವ್ವ ಅವನ ಮಾತಿಗೆ ತಲೆಯಾಡಿಸಲಿಲ್ಲ. ತಾಳಿಯನ್ನು ಒಳಗೆ ಹಾಕಿಕೊಂಡು ಗಂಡನ ಕಾಲಿನ ಮಣ್ಣು ಒರೆಸತೊಡಗಿದಳು.

ಕೈ ಕೂಡಿತು. ಲಾರಿಯ ಮಾಲೀಕ ಅಷ್ಟರಲ್ಲಿ ಬೇ‌ರೆ ಚಾಲಕನನ್ನು ಇಟ್ಟುಕೊಂಡಿದ್ದ, ಫಕೀರಪ್ಪ ಕೆಲವು ದಿನ ಮಾರ್ಕೆಟ್ಟಿನಲ್ಲಿ ಮೂಟೆಗಳಿಗೆ ಗುರುತು ಹಾಕುತ್ತ ಕುಳಿತಿದ್ದ.

ಕೊನೆಯ ಫಿಲ್ಮಿನ ದಿನ ನೀಲವ್ವ ಬೆಳಗ್ಗೆ ಒಬ್ಬಳೇ ಬಂದಳು. ನಾನು ನನ್ನ ಪಾಠ ಒಪ್ಪಿಸುವ ಮೊದಲೇ ತಾಳಿ ತೆಗೆದು ದುರ್ಗವ್ವನ ಕಡೆ ಚಾಚಿದಳು. ದುರ್ಗವ್ವ ಕೈ ಹಿಂದೆ ಕಟ್ಟಿಕೊಂಡಳು.

"ತಾಟಿನ್ಯಾಗ ಇಡವಾ."

"ಹಿಡಿಯವ್ವಾ. ಕೈ ಸುಡ್ತೈತೇನು?"

"ನಾ ಎಂಥಾಕಿ ಅಂತ ನಿನಗ ಗೊತ್ತಿಲ್ಲೇನು?"

"ಗೊತ್ತೈತಿ. ವರ್ಷಾತು, ದಿನಾ ನನಗ ಚಾ ಕುಡಿಸಿ ಇಂಜೆಕ್ಷನ್ನಿಗೆ ಕಳಸಾಕಿ. ಕೊರಳಾಗ ಇದ್ದಾಗಽ ಗಾಡಿ ಬಿತ್ತು, ಇನ್ನ ನಿನ್ನ ಕೈಯಾಗ ಇದ್ರ ಏನಾಕ್ಕೈತಿ? ಹಿಡಿ, ಲಗೂ ಮುಗೀಲಿ."

ದುರ್ಗವ್ವ ಸೆರಗಿಗೆ ಕೈ ಒರೆಸಿಕೊಂಡು ಎರಡೂ ಅಂಗೈ ಒಡ್ಡಿದಳು. ತಾಳಿ ಬಿದ್ದ ಕೂಡಲೇ ಬೆರಳು ಮಡಚಿದಳು.

ನಾನು ಮರೆಯ ಹಿಂದೆ ಹೋಗಿ ಸ್ವಿಚ್ಚಿನ ಮೇಲೆ ಬೆರಳಿಟ್ಟೆ. ಅಷ್ಟಕ್ಕೆ ಸುಮ್ಮನಿರಬೇಕಿತ್ತು.

"ಫಕೀರಪ್ಪ ಎಲ್ಲಿ?"

"ಮಾಲೀಕ ಮತ್ತ ಗಾಡಿ ಕೊಟ್ಟಾನ್ರಿ. ಇವತ್ತಽ ಮೊದಲನೇ ಟ್ರಿಪ್."

"ಎಷ್ಟೊತ್ತಿಗೆ ಹೊಂಟ?"

"ನಸುಕಿನ್ಯಾಗ."

ಗೋಡೆಯ ಗಡಿಯಾರ ನೋಡಿದೆ. ನಸುಕಿನಲ್ಲಿ ಹೊರಟರೆ ಕಲಘಟಗಿ ದಾಟಿ, ಯಲ್ಲಾಪುರದಲ್ಲಿ ಚಹಾ ಕುಡಿದು, ಈಗ ಸರಿಯಾಗಿ ಅರಬೈಲ್. ಮುರಿದು ಕೂಡಿದ ಕೈ. ತಿರುವು. ಬೆರಳು ಸ್ವಿಚ್ಚಿನ ಮೇಲೆಯೇ ಇತ್ತು, ಒತ್ತಲು ಆಗಲಿಲ್ಲ. ಸಾವಿರಾರು ಜನರ ತಾಯಿತ ಬಿಚ್ಚಿಸಿದವನು ನಾನು.

"ವೋಲ್ಟೇಜ್ ಸರಿ ಇಲ್ಲ" ಎಂದೆ. "ಅರ್ಧ ತಾಸು ಕೂಡ್ರವಾ. ಅದನ್ನ ಕೊರಳಾಗ ಹಾಕ್ಕೊಂಡಽ ಕೂಡ್ರು."

ದುರ್ಗವ್ವ ವೋಲ್ಟೇಜಿನ ಮೀಟರ್ ನೋಡಿದಳು. ಮುಳ್ಳು ಕದಲದೆ ನೆಟ್ಟಗೆ ನಿಂತಿತ್ತು. ಆಮೇಲೆ ನಾನು ನೋಡಿದ ಗಡಿಯಾರ ನೋಡಿದಳು, ಆಮೇಲೆ ನನ್ನ ಮುಖ.

"ನೀಲವ್ವ, ಸಾಹೇಬ್ರು ಘಟ್ಟ ಇಳ್ಯಾಕತ್ತಾರ" ಎಂದಳು.

ನೀಲವ್ವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ಅಯ್ಯ ಸಾಹೇಬ್ರ! ಅವ್ರು ಘಟ್ಟಕ್ಕ ಹೋಗಿಲ್ರಿ. ಕೈ ಇನ್ನೂ ಪೂರಾ ಬಲಾ ಬಂದಿಲ್ಲಂತ ಮಾಲೀಕ ಗದಗಿಗೆ ಕಳಸ್ಯಾನ. ಬಯಲ ರಸ್ತಾ. ಈಗರೆ ಫೋಟೋ ತಗೀತೀರೇನು?"

"ಉಸಿರು ಎಳಕೋ, ಹಿಡಿ" ಎಂದೆ, ಆದಷ್ಟು ಗಂಭೀರವಾಗಿ. ಆ ಫಿಲ್ಮು ಅಲುಗಿ ಕೆಟ್ಟುಹೋಯಿತು. ಇಬ್ಬರೂ ಹೆಂಗಸರು ನಗುತ್ತಿದ್ದರು. ನಗು ನಿಲ್ಲಿಸಿದ ಮೇಲೆ ಎರಡನೆಯದನ್ನು ತೆಗೆದು, ತೊಳೆದು, ಒದ್ದೆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಬಲಗಡೆ ಕೊರಳೆಲುಬಿನ ಹಿಂದೆ ಸಣ್ಣದೊಂದು ಗೀರು, ವಾಸಿಯಾದ ಗಾಯದ ಗುರುತು. ಅದನ್ನು ಬಿಟ್ಟರೆ ಎದೆ ಸ್ವಚ್ಛವಾಗಿತ್ತು.